ಅವನು ಶಾಲೆ ಬಿಟ್ಟುಬಿಟ್ಟರೆ ಅಂತ ಬರೆದಿದ್ದೀಯಲ್ಲ

ಪ್ರೀತಿಯ ಸುಮಾ,

ಊರಿನ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅದು ಬೇಡ. ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲು ಇತ್ತಲ್ಲ, "ನಾನು ಬಾಯಿಬಿಟ್ಟರೆ ಅವನು ಶಾಲೆಗೆ ಬರುವುದನ್ನೇ ನಿಲ್ಲಿಸಿಬಿಟ್ಟರೆ ದೊಡ್ಡಮ್ಮ?" ಅಂತ. ಅದನ್ನು ಓದಿದ ಮೇಲೆ ನನಗೆ ಬೇರೆ ಏನೂ ತಲೆಗೆ ಹೋಗಲಿಲ್ಲ. ಅಡುಗೆಗೆ ನಿಂತರೂ ಅದೇ, ಮಲಗಿದರೂ ಅದೇ.

ನಿನ್ನನ್ನು ಶಾಲೆಯ ತಂಬಾಕು ಮಾನಿಟರ್ ಮಾಡಿದ್ದಾರೆ ಅಂದೆ, ಶಾಲೆಯಲ್ಲಿ ತಂಬಾಕು ಸುಳಿಯದ ಹಾಗೆ ನೋಡಿಕೊಳ್ಳುವ ಟೀಚರ್. ಗೇಟಿಗೆ ಬೋರ್ಡು ಹಾಕಿಸಿದ್ದೀಯ, ಇದರೊಳಗೆ ತಂಬಾಕು ಮಾರಬಾರದು ಅಂತ ನೂರು ಗಜದ ಹಳದಿ ಗೆರೆ ಎಳೆಸಿದ್ದೀಯ, ಮಕ್ಕಳಿಂದ ಪ್ರತಿಜ್ಞೆ ಮಾಡಿಸಿದ್ದೀಯ. ಒಳ್ಳೆಯದೇ. ಇದರ ನಡುವೆ ಒಂಬತ್ತನೇ ಕ್ಲಾಸಿನ ಹುಡುಗ ಬಂದು "ಮಿಸ್, ನಾನು ಸೇದ್ತೀನಿ, ಬಿಡೋಕೆ ಆಗ್ತಿಲ್ಲ" ಅಂದುಬಿಟ್ಟ. ಅವನು ತಾನಾಗಿ ಬಂದು ಹೇಳಿದ್ದಾನೆ ಸುಮಾ. ನೀನು ಅದನ್ನು ಅರ್ಧ ಸಾಲಿನಲ್ಲಿ ಬರೆದು ಮುಂದಕ್ಕೆ ಓಡಿದ್ದೀಯ. ಟೀಚರ್ ಹತ್ತಿರ ಆ ಮಾತು ಆಡುವುದಕ್ಕೆ ಆ ವಯಸ್ಸಿನ ಹುಡುಗ ಎಷ್ಟು ದಿನ ಒದ್ದಾಡಿರುತ್ತಾನೆ, ಒಂದು ಗಳಿಗೆ ಯೋಚನೆ ಮಾಡು.

ನಿನ್ನ ಭಯ ಸುಳ್ಳು ಅಂತ ಹೇಳಲಾರೆ. ಶಾಲೆ ಬಿಟ್ಟವನನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದ್ದದ್ದು ಹೊಗೆಸೊಪ್ಪಿನ ಸೀಮೆಯಲ್ಲಿ, ಹುಣಸೂರು ಪಿರಿಯಾಪಟ್ಟಣದ ಕಡೆ. ಒಬ್ಬ ಹುಡುಗ ಕಕ್ಕಸಿನ ಹಿಂದೆ ಬೀಡಿ ಹಿಡಿದು ಸಿಕ್ಕಿಬಿದ್ದ. ಬೆಳಗಿನ ಪ್ರೇಯರ್‌ನಲ್ಲಿ ಎಲ್ಲರ ಮುಂದೆ ನಿಲ್ಲಿಸಿದರು. ಅಪ್ಪನನ್ನು ಕರೆಸಿದರು. ಆ ಮನುಷ್ಯ ಆಫೀಸಿನ ಬಾಗಿಲಲ್ಲೇ ಮಗನಿಗೆ ಹೊಡೆದ. ಸಂಜೆಯೊಳಗೆ ಟಿಸಿ ಬರೆದು ಕೊಟ್ಟಾಯಿತು. ಸ್ಟಾಫ್ ರೂಮಿನಲ್ಲಿ ನಾನೇ ಚಿಕ್ಕವಳು, ನನ್ನನ್ನು ಯಾರೂ ಕೇಳಲಿಲ್ಲ. ಶಾಲೆಯ ಮಾನ ಉಳಿಯಿತು ಅಂತ ಎಲ್ಲರೂ ಮಾತಾಡಿಕೊಂಡರು. ಮಳೆಗಾಲದಲ್ಲಿ ಒಂದು ದಿನ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಹತ್ತಿರ ಅವನನ್ನು ಕಂಡೆ. ಹೆಂಗಸರ ಜೊತೆ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದ. ಕಿವಿಯ ಸಂದಿಯಲ್ಲಿ ಬೀಡಿ. ನನ್ನನ್ನು ನೋಡಿ ಎದ್ದು ನಿಂತು ನಮಸ್ಕಾರ ಮಿಸ್ ಅಂದ. ಒದ್ದೆ ಎಲೆ ಮುಟ್ಟಿ ಮುಟ್ಟಿ ಬೆಳಗ್ಗೆಯೇ ವಾಂತಿ ಆಗಿತ್ತಂತೆ, ಪಕ್ಕದಲ್ಲಿದ್ದ ಹೆಂಗಸು ಹೇಳಿದಳು. ಎಲೆಯ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತದೆ, ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ. ಆಗ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಟಿಸಿ ಅವನಿಂದ ಬೀಡಿ ಬಿಡಿಸಲಿಲ್ಲ, ಶಾಲೆ ಬಿಡಿಸಿತು. ಬೀಡಿ ಬೇಡ ಅನ್ನುವವರು ಇದ್ದ ಜಾಗ ಅದೊಂದೇ ಆಗಿತ್ತು. ಅವನ ಮನೆಯವರೆಗೂ ಒಮ್ಮೆ ಹೋಗಿ ಬರುವ ಧೈರ್ಯ ನನಗೆ ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ನಿನ್ನ ಸಾಲು ಓದಿದಾಗ ನನಗೆ ಕಂಡದ್ದು ಆ ಹುಡುಗನ ಮುಖ.

ಆದರೆ ಒಂದು ವಿಷಯ ನೋಡು. ಅವನು ಹೋದದ್ದು ವಿಷಯ ಹೊರಗೆ ಬಂತು ಅಂತಲ್ಲ. ಹೊರಗೆ ಬಂದ ರೀತಿಯಿಂದ. ನಿನ್ನ ಹುಡುಗ ಸಿಕ್ಕಿಬಿದ್ದವನಲ್ಲ, ಸಹಾಯ ಕೇಳಿ ಬಂದವನು. ಎರಡೂ ಒಂದೇ ಅಲ್ಲ ಅಲ್ವಾ? ಮಾನಿಟರ್ ಆದವಳು ಹೆಸರು ಕೊಡಲೇಬೇಕು ಅಂತ ನೀನು ಹೆದರಿದ ಹಾಗೆ ಕಾಣುತ್ತದೆ. ತಂಬಾಕುಮುಕ್ತ ಶಾಲೆಯ ಮಾರ್ಗಸೂಚಿ 2019ರಲ್ಲಿ ಬಂತಲ್ಲ, ಅದು ಕೇಳುವುದು ಬೋರ್ಡು, ಗೆರೆ, ಆರು ತಿಂಗಳಿಗೊಂದಾದರೂ ಕಾರ್ಯಕ್ರಮ, ಇಂಥವನ್ನು. 2003ರ ತಂಬಾಕು ಕಾಯ್ದೆಯಲ್ಲೂ ಮಕ್ಕಳಿಗೆ ಮಾರಿದವನಿಗೆ ದಂಡ, ಕೊಂಡ ಮಗುವಿಗಲ್ಲ. ಬಾಲನ್ಯಾಯ ಕಾಯ್ದೆ ಇನ್ನೂ ಬಿಗಿ. ಮಗುವಿನ ಕೈಗೆ ತಂಬಾಕು ಕೊಟ್ಟವನಿಗೆ 7 ವರ್ಷದವರೆಗೆ ಜೈಲು. ನಮ್ಮ ರಾಜ್ಯದಲ್ಲಂತೂ ಈಗ 21 ತುಂಬದವರಿಗೆ ಮಾರುವ ಹಾಗೇ ಇಲ್ಲ. ಕಾನೂನಿನ ಕಣ್ಣಿಗೆ ಅವನು ಅಪರಾಧಿಯಲ್ಲ. ನಿಮ್ಮ ಸ್ಟಾಫ್ ರೂಮಿನವರಿಗೆ ಇದನ್ನು ಹೇಗಾದರೂ ಮುಟ್ಟಿಸು. ಅವನ ಹೆಸರು ಎತ್ತದೆ ಸುಮ್ನೆ ಮಾತಿಗೆ ಮಾತು ಬಂದಾಗ.

ಮೇ 31ರ ತಂಬಾಕುರಹಿತ ದಿನದ ಬಗ್ಗೆಯೂ ಬರೆದಿದ್ದೀಯ, ಜಾಥಾ ಚೆನ್ನಾಗಿ ಆಯಿತು ಅಂತ. ಆ ಸಾಲಿನಲ್ಲಿ ಅವನೂ ನಡೆದಿರುತ್ತಾನೆ. ಶ್ವಾಸಕೋಶದ ಚಿತ್ರದ ಫಲಕ ಅವನೇ ಹಿಡಿದಿದ್ದರೂ ಹಿಡಿದಿರಬಹುದು. ಕಾರ್ಯಕ್ರಮಗಳೆಲ್ಲ ಇನ್ನೂ ಶುರು ಮಾಡದ ಮಕ್ಕಳಿಗೆ ಸುಮಾ. ಶುರು ಮಾಡಿಯಾದವನಿಗೆ ಅದರಲ್ಲಿ ಜಾಗವಿಲ್ಲ. 2019ರ ಸರ್ವೆಯಲ್ಲಿ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ತಂಬಾಕು ಬಳಸುವವರು ದೇಶದಲ್ಲಿ ನೂರಕ್ಕೆ 8.5, ಕರ್ನಾಟಕದಲ್ಲಿ 1.2 ಅಂತ ಬಂತು. ಕಡಿಮೆ ಅಂತ ಖುಷಿಪಟ್ಟೆವು. ಈಗ ಯೋಚಿಸಿದರೆ, ಕಡಿಮೆ ಇದ್ದಷ್ಟೂ ಸೇದುವ ಮಗು ಒಂಟಿಯಾಗುತ್ತದೆ. ಕ್ಲಾಸಿಗೊಬ್ಬ ಇದ್ದಾನೋ ಇಲ್ಲವೋ. ಬಚ್ಚಿಡದೆ ಇನ್ನೇನು ಮಾಡುತ್ತಾನೆ?

ಅಮೆರಿಕದಲ್ಲಿ ಅಲ್ಲಿನ ಲಂಗ್ ಅಸೋಸಿಯೇಷನ್‌ನವರು ಶಾಲೆಗಳಿಗೆ ಎರಡು ಬೇರೆ ಬೇರೆ ಕಾರ್ಯಕ್ರಮ ಮಾಡಿಕೊಟ್ಟಿದ್ದಾರೆ. ಒಂದು ಬಿಡಬೇಕು ಅಂತ ತಾವಾಗಿ ಬಂದ ಮಕ್ಕಳಿಗೆ, ಚಿಕ್ಕ ಗುಂಪಿನಲ್ಲಿ ಹತ್ತು ಪಾಠ. ಇನ್ನೊಂದು ಸಿಕ್ಕಿಬಿದ್ದ ಮಕ್ಕಳಿಗೆ, ಸಸ್ಪೆಂಡ್ ಮಾಡುವ ಬದಲು 50 ನಿಮಿಷದ ನಾಲ್ಕು ಪಾಠ. ಓದಿದಾಗ ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಮನೆಗೆ ಕಳಿಸುವ ಬದಲು ಕೂರಿಸಿಕೊಂಡು ಮಾತಾಡುವುದು. ನಮಗೆ ಯಾಕೆ ಹೊಳೆಯಲಿಲ್ಲ? ಒಬ್ಬನೇ ಹುಡುಗ ಅಂದರೆ ನಿನಗೆ ಗುಂಪು ಕಟ್ಟುವುದಕ್ಕೆ ಆಗಲಿಕ್ಕಿಲ್ಲ. ವಾರಕ್ಕೊಮ್ಮೆ ಅವನ ಜೊತೆ ಕೂರುವುದು ಆಗುತ್ತದಲ್ಲ. ಬಾಗಿಲು ತೆರೆದಿರುವ ಕಡೆ, ಲೈಬ್ರರಿಯಲ್ಲೋ ಲ್ಯಾಬಿನಲ್ಲೋ. ಬೈಯುವುದು ಬೇಡ. ಯಾವ ಹೊತ್ತಿಗೆ ಬೇಕು ಅನ್ನಿಸುತ್ತದೆ, ಯಾರ ಜೊತೆ ಇದ್ದಾಗ, ಸೇದದೆ ಇದ್ದರೆ ಏನಾಗುತ್ತದೆ ಅಂತ ಕೇಳು. ಅವನೇ ಹೇಳಲಿ.

ನಿನ್ನ ದೊಡ್ಡಪ್ಪನ ವಿಷಯ ನಿನಗೆ ಗೊತ್ತು, ಮತ್ತೆ ಬರೆಯುವುದಿಲ್ಲ. ಅವರು ಸೇದುವುದು ಕಲಿತದ್ದೂ ಹೈಸ್ಕೂಲಿನಲ್ಲೇ. ಜೀವಮಾನವಿಡೀ "ಬಿಡು" ಅಂದವರೇ ಎಲ್ಲ. "ಬಿಟ್ಟಾಗ ಏನಾಗುತ್ತದೆ" ಅಂತ ಕೇಳಿದವರನ್ನು ನಾನು ನೋಡಲಿಲ್ಲ.

ಏನಾಗುತ್ತದೆ ಅಂತ ನೀನು ಮೊದಲೇ ತಿಳಿದುಕೊಂಡಿರಬೇಕು. ನಿನ್ನ ಭಯಕ್ಕೆ ನಿಜವಾದ ಕಾರಣ ಅಲ್ಲಿದೆ ಅಂತ ನನಗೆ ಅನ್ನಿಸುತ್ತಿದೆ. ನಿಲ್ಲಿಸಿದ ಮೊದಲ ವಾರ ತುಂಬಾ ಕಷ್ಟ, ಅದರಲ್ಲೂ ಎರಡನೇ ಮೂರನೇ ದಿನ. ಸಿಟ್ಟು, ಚಡಪಡಿಕೆ, ನಿದ್ದೆ ಕೆಡುವುದು, ಪಾಠ ತಲೆಗೆ ಹತ್ತದಿರುವುದು. ಎರಡು ಮೂರು ವಾರದಲ್ಲಿ ಇಳಿಯುತ್ತಾ ಬರುತ್ತದೆ. ಆದರೆ ಆ ವಾರ ಅವನು ಹೋಂವರ್ಕ್ ಮಾಡಿರುವುದಿಲ್ಲ, ಯಾರಿಗೋ ಎದುರು ಮಾತಾಡುತ್ತಾನೆ, ಗಣಿತದ ಮೇಷ್ಟ್ರು ಹೊರಗೆ ನಿಲ್ಲಿಸುತ್ತಾರೆ. ಅವನು ಬ್ಯಾಗು ಎತ್ತಿಕೊಂಡು ಹೋಗುವುದಿದ್ದರೆ ಆವತ್ತು ಹೋಗುತ್ತಾನೆ. ನೀನು ಬಾಯಿಬಿಟ್ಟ ದಿನವಲ್ಲ. ಅದಕ್ಕೇ ಹೇಳುವುದು, ಪರೀಕ್ಷೆಯ ವಾರದಲ್ಲಿ ನಿಲ್ಲಿಸುವುದು ಬೇಡ, ದಿನ ಅವನೇ ಆರಿಸಲಿ. ಆ ದಿನಗಳಲ್ಲಿ ಹುಡುಗನಿಗೆ ಮೈ ಸರಿಯಿಲ್ಲ, ಸ್ವಲ್ಪ ಸಹಿಸಿಕೊಳ್ಳಿ ಅಂತ ಉಳಿದ ಟೀಚರುಗಳಿಗೆ ಹೇಳಿದರೆ ಸಾಕು. ಅದು ಸುಳ್ಳೂ ಅಲ್ಲ.

ಆಸೆ ಜೋರಾಗಿ ಬಂದಾಗ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತು ನೀರು ಕುಡಿದು, ಮುಖ ತೊಳೆದು, ನಾಲ್ಕು ಹೆಜ್ಜೆ ಓಡಾಡಿ ಬರಲಿ. ಇದು ಎಲ್ಲರೂ ಹೇಳುವುದೇ, ನಾನು ಹೊಸದಾಗಿ ಏನೂ ಹೇಳುತ್ತಿಲ್ಲ. ನಿಕೋಟಿನ್ ಚೂಯಿಂಗ್ ಗಮ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಈ ವಯಸ್ಸಿಗೆ ಡಾಕ್ಟರನ್ನು ಕೇಳದೆ ಕೊಡಿಸಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಅಂತ ಇರುತ್ತದೆ, ಹದಿಹರೆಯದ ಮಕ್ಕಳಿಗೇ. ಅಲ್ಲಿ ಕೇಳಬಹುದು. ಸಿಗರೇಟು ಪ್ಯಾಕಿನ ಮೇಲೆ 1800-11-2356 ಅಂತ ನಂಬರು ಇದೆಯಲ್ಲ, ಅದು ಬಿಡುವವರಿಗಾಗಿ ಇರುವ ಸಹಾಯವಾಣಿ, ದುಡ್ಡು ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಬಿಡಿ ಸಿಗರೇಟು ಕೊಳ್ಳುವ ಹುಡುಗ ಪ್ಯಾಕು ನೋಡಿರುವುದಿಲ್ಲ, ನೀನೇ ಬರೆದುಕೊಡು.

ನಡುವೆ ಒಂದು ದಿನ ಸೇದಿಬಿಡುತ್ತಾನೆ. ಹೆಚ್ಚು ಕಡಿಮೆ ಎಲ್ಲರಿಗೂ ಹಾಗೇ ಆಗುತ್ತದೆ. ನಿನಗೆ ಮುಖ ತೋರಿಸಲಾರದೆ ಆವತ್ತೂ ಅವನು ಶಾಲೆ ತಪ್ಪಿಸಬಹುದು. "ಮತ್ತೆ ಸೇದಿದರೂ ಬಂದು ಹೇಳು, ನಾನು ಸಿಟ್ಟು ಮಾಡಿಕೊಳ್ಳುವುದಿಲ್ಲ" ಅಂತ ಈಗಲೇ ಮಾತು ಕೊಟ್ಟುಬಿಡು.

ಮನೆಯವರಿಗೆ ಹೇಳುವ ವಿಷಯ. ಗೊತ್ತಾಗದೆ ಇರುವುದಿಲ್ಲ, ಗೊತ್ತಾಗಲೂ ಬೇಕು. ಅವನನ್ನೇ ಕೇಳು, ಮನೆಯಲ್ಲಿ ಯಾರಿಗೆ ಹೇಳಿದರೆ ನಿನಗೆ ಭಯ ಕಡಿಮೆ ಅಂತ. ಅಕ್ಕನೋ ಅಜ್ಜಿಯೋ ಯಾರೋ ಒಬ್ಬರು ಇರುತ್ತಾರೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೇಳು. ಅವರ ಮನೆಯಲ್ಲೂ ಹೊಗೆಸೊಪ್ಪು ಬೆಳೆಯುತ್ತಾರೆ ಅಂತ ಬರೆದಿದ್ದೀಯ. ದಯವಿಟ್ಟು ಆ ಬೆಳೆಯನ್ನು ಬೈಯಬೇಡ. ಹರಾಜಿನಲ್ಲಿ ಬಂದ ದುಡ್ಡಿನಲ್ಲೇ ಅವನ ಯೂನಿಫಾರಂ ಬಂದಿದೆ. ಅಪ್ಪನ ದುಡಿಮೆ ಕೆಟ್ಟದ್ದು ಅಂದರೆ ಹುಡುಗ ಅಪ್ಪನ ಕಡೆ ನಿಲ್ಲುತ್ತಾನೆ, ನಿಲ್ಲಲೇಬೇಕು.

ಗೆರೆಯೊಳಗೆ ತಂಬಾಕು ಮಾರುವ ಅಂಗಡಿಗೆ ನೀನೊಬ್ಬಳೇ ಹೋಗಿ ಜಗಳ ಆಡಬೇಡ. ಹೆಡ್‌ಮಾಸ್ಟರ ಸಹಿ ಹಾಕಿಸಿ ಪಂಚಾಯಿತಿಗೆ ಅರ್ಜಿ ಕೊಡು. ಹುಡುಗನ ಹೆಸರು ಅಲ್ಲಿ ಬಾಯಿ ತಪ್ಪಿಯೂ ಬರಬಾರದು. ಅಂಗಡಿಯವನು ಊರೆಲ್ಲ ಹೇಳಿಬಿಡುತ್ತಾನೆ.

ಎಷ್ಟು ಬರೆದರೂ ನನಗೆ ಸಮಾಧಾನವಿಲ್ಲ. ಈ ವಾರ ಅವನು ಕ್ಲಾಸಿಗೆ ಬಂದನಾ? ಒಂದು ಸಾಲು ಬರೆದರೂ ಸಾಕು, ಇಲ್ಲದಿದ್ದರೆ ರಾತ್ರಿ ಫೋನ್ ಮಾಡು, ಎದ್ದಿರುತ್ತೇನೆ.

ನಿನ್ನ
ದೊಡ್ಡಮ್ಮ