ತಾರಸಿ ಇಲ್ಲದವರಿಗೂ ಬಿಸಿಲಿನ ಪಾಲು ಕೊಡಿ: ಕೇಂದ್ರ ಸಚಿವ ಪ್ರಹ್ಲಾದ ಜೋಶಿಯವರಿಗೆ ಬಹಿರಂಗ ಪತ್ರ

ಮಾನ್ಯ ಪ್ರಹ್ಲಾದ ಜೋಶಿಯವರಿಗೆ,

ಮುಂಬೈ ಪಕ್ಕದ ಡೊಂಬಿವಲಿಯಿಂದ ನಮಸ್ಕಾರಗಳು.

ನೀವು ಧಾರವಾಡದ ಸಂಸದರು. ಕೇಂದ್ರದ ನವೀಕರಿಸಬಹುದಾದ ಇಂಧನದ ಖಾತೆ ನಿಮ್ಮ ಕೈಯಲ್ಲಿದೆ. ಅದಕ್ಕೇ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮುಂಬೈ, ಠಾಣೆ, ಡೊಂಬಿವಲಿಯ ಕನ್ನಡಿಗರೂ ಇದನ್ನು ಓದಿ ತಮ್ಮ ತಮ್ಮ ವಸತಿ ಸೊಸೈಟಿಗಳಲ್ಲಿ ಈ ಮಾತು ಎತ್ತಲಿ ಎಂಬ ಆಸೆಯೂ ಇದೆ.

ಮನೆ ಮೇಲೆ ಸೋಲಾರ್ ಹಾಕಿಸಿ ಎಂದು ಸರ್ಕಾರ ಹೇಳುತ್ತಿದೆ. ಒಳ್ಳೆಯ ಮಾತು. ಆದರೆ ಈ ಊರಿನಲ್ಲಿ ನಮ್ಮ ಮನೆ ಮೇಲೆ ಇರುವುದು ಇನ್ನೊಬ್ಬರ ಮನೆ. ಅದರ ಮೇಲೆ ಮತ್ತೊಬ್ಬರದು. ಹಾಗಾಗಿ ನಿಮ್ಮ ಯೋಜನೆ ನಮ್ಮಲ್ಲಿ ಬಹುಪಾಲು ಜನರ ಬಾಗಿಲಿಗೆ ಬರುವುದೇ ಇಲ್ಲ.

ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿ ಹಣ, ತಿಂಗಳಿಗೆ 300 ಯೂನಿಟ್‌ವರೆಗೆ ಉಚಿತ ವಿದ್ಯುತ್ ಎಂಬ ಭರವಸೆ. ಪ್ಯಾನೆಲ್ ಸಾಮರ್ಥ್ಯದ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಸ್ವಂತ ತಾರಸಿ ಇದ್ದವರಿಗೆ ಇದು ನಿಜಕ್ಕೂ ದೊಡ್ಡ ಸಹಾಯ. ಧಾರವಾಡದಲ್ಲೋ ಉಡುಪಿಯಲ್ಲೋ ಸ್ವಂತ ಮನೆ ಕಟ್ಟಿಕೊಂಡವರು ಅರ್ಜಿ ಹಾಕಿದರೆ ಸಾಕು, ಯಾರನ್ನೂ ಕೇಳಬೇಕಾಗಿಲ್ಲ.

ಈಗ ಇಲ್ಲಿನ ಲೆಕ್ಕ ನೋಡಿ. 300 ಯೂನಿಟ್ ಬೇಕೆಂದರೆ ಸುಮಾರು ಮೂರು ಕಿಲೋವ್ಯಾಟ್‌ನಷ್ಟು ಪ್ಯಾನೆಲ್ ಬೇಕು. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಅಂದರೆ ಒಂದು ಕುಟುಂಬಕ್ಕೆ 300 ಚದರ ಅಡಿ ತಾರಸಿ. ಮುಂಬೈಯ ಸ್ಲಮ್ ಪುನರ್ವಸತಿ ಕಟ್ಟಡಗಳಲ್ಲಿ ಒಂದು ಕುಟುಂಬಕ್ಕೆ ಕೊಡುವ ಇಡೀ ಮನೆಯೇ ಮೊದಲು 225 ಚದರ ಅಡಿ ಇತ್ತು, ಆಮೇಲೆ 269 ಆಯಿತು, ಈಗ 300 ಆಗಿದೆ. ತಲೆಯ ಮೇಲಿನ ಸೂರೇ ಅಷ್ಟಿರುವಾಗ ಅಷ್ಟೇ ತಾರಸಿಯನ್ನು ಎಲ್ಲಿಂದ ತರೋಣ?

ನಮ್ಮ ಕಟ್ಟಡ ನಾಲ್ಕು ಮಹಡಿಯದು, 32 ಮನೆಗಳು. ಟೆರೇಸಿನಲ್ಲಿ ನೀರಿನ ಟ್ಯಾಂಕು, ಡಿಶ್ ಆಂಟೆನಾಗಳು, ಅರ್ಧ ಭಾಗಕ್ಕೆ ಮಳೆ ನೀರು ಸೋರದಂತೆ ಹಾಕಿದ ತಗಡಿನ ಪತ್ರಾ ಶೆಡ್ಡು. ಇವೆಲ್ಲ ಕಳೆದು 1,500 ಚದರ ಅಡಿ ಸಿಕ್ಕಿತು ಎಂದಿಟ್ಟುಕೊಳ್ಳಿ. ಅಲ್ಲಿ 15 ಕಿಲೋವ್ಯಾಟ್ ಕೂರುತ್ತದೆ. ತಿಂಗಳಿಗೆ 1,600 ಯೂನಿಟ್ ಆಸುಪಾಸು ಬರುತ್ತದೆ. 32 ಮನೆಗೆ ಹಂಚಿದರೆ ತಲಾ 50 ಯೂನಿಟ್, ಒಂದು ಫ್ರಿಜ್ಜು ಒಂದು ಫ್ಯಾನಿಗೆ ಆಗುವಷ್ಟು. ಪಕ್ಕದಲ್ಲೇ ಏಳುತ್ತಿರುವ ಇಪ್ಪತ್ತೆರಡು ಮಹಡಿಯ ಟವರಿನ ತಲೆ ಇದಕ್ಕಿಂತ ದೊಡ್ಡದೇನಲ್ಲ. ಅಲ್ಲಿ ಮನೆಗಳು ಮಾತ್ರ ಐದು ಪಟ್ಟು ಜಾಸ್ತಿ.

ಇಷ್ಟಾದರೂ ಆಗಲಿ ಎಂದು ಸೊಸೈಟಿ ಸಭೆಯಲ್ಲಿ ಮಾತು ಎತ್ತಿದರೆ ಏನಾಗುತ್ತದೆ ಗೊತ್ತೇ? ಮೇಲಿನ ಮಹಡಿಯವರು ಮೊದಲು ಎದ್ದು ನಿಲ್ಲುತ್ತಾರೆ. ಸ್ಲ್ಯಾಬಿಗೆ ತೂತು ಕೊರೆದರೆ ವಾಟರ್‌ಪ್ರೂಫಿಂಗ್ ಹೋಗುತ್ತದೆ, ಜೂನ್ ಬಂದರೆ ನಮ್ಮ ಮನೆ ಸೋರುತ್ತದೆ ಅನ್ನುತ್ತಾರೆ. ಅದು ಸುಳ್ಳಲ್ಲ. ತೂತು ಕೊರೆಯದೆ ಕಾಂಕ್ರೀಟ್ ತೂಕದ ಮೇಲೆ ನಿಲ್ಲಿಸುವ ವಿಧಾನ ಇದೆ, ಆದರೆ ಹಳೆಯ ಸ್ಲ್ಯಾಬ್ ಆ ಭಾರ ತಡೆಯುತ್ತದೆಯೇ ಎಂದು ಎಂಜಿನಿಯರ್ ನೋಡಿ ಹೇಳಬೇಕು. ಅದಕ್ಕೊಂದು ಖರ್ಚು. ಇನ್ನು ಕೆಲವರು ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಮಾತು ತೆಗೆಯುತ್ತಾರೆ. ಡೊಂಬಿವಲಿ, ಮುಲುಂಡ್, ಘಾಟ್‌ಕೋಪರ್, ಎಲ್ಲಿ ಹೋದರೂ ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಬಿಲ್ಡರುಗಳು ಬಂದು ಹೋಗುತ್ತಿರುತ್ತಾರೆ. ಐದು ವರ್ಷದಲ್ಲಿ ಕೆಡವುವ ಕಟ್ಟಡದ ಮೇಲೆ 25 ವರ್ಷ ಬಾಳುವ ಪ್ಯಾನೆಲ್ ಯಾಕೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಕೊಡುವವರು ಯಾರೂ ಇಲ್ಲ. ಪ್ಯಾನೆಲ್ ಬಿಚ್ಚಿ ಬೇರೆಡೆ ಕೂರಿಸಬಹುದು. ಆದರೆ ಸಬ್ಸಿಡಿ ಪಡೆದ ಪ್ಯಾನೆಲ್ಲನ್ನು ಹೊಸ ಕಟ್ಟಡಕ್ಕೆ ಸಾಗಿಸುವುದು ಹೇಗೆ, ಮಧ್ಯೆ ಮೂರ್ನಾಲ್ಕು ವರ್ಷ ಎಲ್ಲಿ ಇಡುವುದು, ಮೀಟರ್ ಏನಾಗುತ್ತದೆ ಎಂದು ಸೊಸೈಟಿಯವರಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಪುಟದ ಮಾಹಿತಿ ಬೇಕು. ಇದು ನಿಮ್ಮ ಸಚಿವಾಲಯ ಸುಲಭವಾಗಿ ಮಾಡಬಹುದಾದ ಕೆಲಸ.

ಸಭೆಗೆ ಬಾರದವರ ಮಾತು ಇನ್ನೂ ಮುಖ್ಯ. ನಮ್ಮ ಕಟ್ಟಡದಲ್ಲಿ ಎಷ್ಟೋ ಮನೆಗಳು ಬಾಡಿಗೆಯವು. ಹನ್ನೊಂದು ತಿಂಗಳ ಕರಾರು, ಮುಗಿದರೆ ಹೊಸ ಮನೆ. ಕರೆಂಟ್ ಬಿಲ್ ಕಟ್ಟುವವರು ಅವರು, ಸೊಸೈಟಿಯಲ್ಲಿ ಮತ ಇರುವುದು ಮಾಲೀಕರಿಗೆ. ನಮ್ಮ ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಬಂದ ಹುಡುಗರು, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಸಂಸಾರಗಳು ಈ ಊರಿನಲ್ಲಿ ಯಾವತ್ತಾದರೂ ತಾರಸಿಯ ಮಾಲೀಕರಾಗುತ್ತಾರೆಯೇ? ಅವರೂ ತೆರಿಗೆ ಕಟ್ಟುತ್ತಾರೆ. ಆ 75,021 ಕೋಟಿಯಲ್ಲಿ ಅವರ ಬೆವರಿನ ಪಾಲೂ ಇದೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ವರ್ಚುವಲ್ ನೆಟ್ ಮೀಟರಿಂಗ್ ಎನ್ನುವ ವ್ಯವಸ್ಥೆ ನಿಮಗೆ ಚೆನ್ನಾಗಿ ಗೊತ್ತು. ಓದುಗರಿಗಾಗಿ ಹೇಳುತ್ತೇನೆ. ಸಾಮಾನ್ಯ ನೆಟ್ ಮೀಟರಿನಲ್ಲಿ ನಮ್ಮ ತಾರಸಿಯ ವಿದ್ಯುತ್ತು ನಮ್ಮ ಮೀಟರಿಗೇ ಸೇರುತ್ತದೆ. ಹೆಚ್ಚಾದದ್ದು ಗ್ರಿಡ್ಡಿಗೆ, ಅಂದರೆ ಊರಿನ ವಿದ್ಯುತ್ ಜಾಲಕ್ಕೆ, ಹೋಗುತ್ತದೆ, ಬಿಲ್ಲಿನಲ್ಲಿ ಜಮೆಯಾಗುತ್ತದೆ. ವರ್ಚುವಲ್ ಪದ್ಧತಿಯಲ್ಲಿ ಪ್ಯಾನೆಲ್ ಬೇರೆಲ್ಲೋ ಇರುತ್ತದೆ, ಅದರಲ್ಲಿ ಹಲವು ಮನೆಯವರಿಗೆ ಪಾಲು ಇರುತ್ತದೆ, ಪಾಲಿನಷ್ಟು ಯೂನಿಟ್ ಅವರವರ ಬಿಲ್ಲಿನಲ್ಲಿ ಕಳೆಯುತ್ತದೆ. ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಕಟ್ಟಿದ ಹಣವನ್ನು ಡೊಂಬಿವಲಿಯಲ್ಲಿ ತೆಗೆದುಕೊಂಡ ಹಾಗೆ. ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಸೂರ್ಯ ಘರ್ ಯೋಜನೆಯ ಮಾರ್ಗಸೂಚಿಯಲ್ಲೂ ಇಂಥ ಪಾಲಿಗೆ ಸಬ್ಸಿಡಿ ಕೊಡಲು ಅವಕಾಶ ಇದೆ.

ಅವಕಾಶ ಇದೆ ಅನ್ನುವುದು ಬೇರೆ, ಬಾಡಿಗೆ ಮನೆಯ ಹೆಣ್ಣುಮಗಳೊಬ್ಬಳು ಮೊಬೈಲಿನಲ್ಲಿ ಅರ್ಜಿ ಹಾಕಿ ತಿಂಗಳೊಳಗೆ ಪಾಲು ಪಡೆಯುವುದು ಬೇರೆ. ನನ್ನ ಪರಿಚಯದ ಒಂದೇ ಒಂದು ಕುಟುಂಬಕ್ಕೂ ಇಂಥ ಪಾಲು ಸಿಕ್ಕಿಲ್ಲ. ಹೀಗೊಂದು ವ್ಯವಸ್ಥೆ ಇದೆ ಎಂಬುದೇ ಹೆಚ್ಚಿನವರಿಗೆ ತಿಳಿದಿಲ್ಲ.

ಜಾಗಕ್ಕೇನೂ ಕೊರತೆಯಿಲ್ಲ. ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಕಾರ್ಖಾನೆ ಶೆಡ್ಡುಗಳನ್ನು ನೋಡಿ. ವಾಶಿಯ ಎಪಿಎಂಸಿ ಮಾರುಕಟ್ಟೆಯ ಮಾಡುಗಳನ್ನು ನೋಡಿ. ಪಾಲಿಕೆ ಶಾಲೆಗಳಿವೆ, ಬಸ್ ಡಿಪೋಗಳಿವೆ, ಲೋಕಲ್ ರೈಲಿನ ಉದ್ದುದ್ದ ಪ್ಲಾಟ್‌ಫಾರಂ ಮಾಡುಗಳಿವೆ. ಬಿಸಿಲು ಅವುಗಳ ಮೇಲೆ ಸುಮ್ನೆ ಬಿದ್ದು ಹೋಗುತ್ತಿದೆ. ಶಾಲೆಯ ಮಾಡಿನ ಮೇಲೆ ಪ್ಯಾನೆಲ್ ಹಾಕಿ, ಶಾಲೆಗೆ ಬೇಕಾದಷ್ಟು ಬಳಸಿ, ಮಿಕ್ಕಿದ್ದನ್ನು ಪಕ್ಕದ ಚಾಳಿನ, ಅಂದರೆ ಸಾಲುಮನೆ ಕಟ್ಟಡದ, ಮನೆಗಳಿಗೆ ಪಾಲು ಮಾಡಿ ಕೊಡಬಹುದು. ಬಾಡಿಗೆದಾರರು ಮನೆ ಬದಲಿಸಿದರೆ ಪಾಲು ಅವರ ಹೊಸ ಮೀಟರಿಗೆ ಹೋಗಬೇಕು. ಅಷ್ಟು ಮಾಡಿದರೆ ಹನ್ನೊಂದು ತಿಂಗಳ ಕರಾರು ಇವರಿಗೆ ಅಡ್ಡಿಯಾಗುವುದಿಲ್ಲ.

ನಮ್ಮ ಕರ್ನಾಟಕದ ಪಾವಗಡದಲ್ಲಿ 13,000 ಎಕರೆಯಷ್ಟು ರೈತರ ಜಮೀನನ್ನು ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕಟ್ಟಿದ್ದಾರೆ. ಅದೂ ಬೇಕು. ಆದರೆ ಅಲ್ಲಿಂದ ವಿದ್ಯುತ್ತನ್ನು ದೂರದ ಊರುಗಳಿಗೆ ಒಯ್ಯಲು ದೊಡ್ಡ ಲೈನುಗಳು ಬೇಕು, ದಾರಿಯಲ್ಲಿ ಸೋರಿಕೆಯೂ ಇರುತ್ತದೆ. ಊರೊಳಗಿನ ಮಾಡುಗಳಿಗೆ ಹೊಸ ಜಮೀನು ಬೇಡ, ಅಷ್ಟು ದೂರದ ತಂತಿಯೂ ಬೇಡ.

ಇನ್ನೊಂದು ಮಾತು ನೇರವಾಗಿ ಕೇಳುತ್ತೇನೆ. ಸ್ವಂತ ಮನೆಯವರಿಗೆ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ಕೊಡುವ ಸರ್ಕಾರ ಸೊಸೈಟಿಯ ಪಂಪು, ಲಿಫ್ಟು, ಮೆಟ್ಟಿಲ ದೀಪಗಳಿಗೆ ಹಾಕುವ ಸೋಲಾರ್‌ಗೆ ಕಿಲೋವ್ಯಾಟ್‌ಗೆ 18,000 ಮಾತ್ರ ಕೊಡುತ್ತದೆ. ದೊಡ್ಡದಾಗಿ ಹಾಕಿದರೆ ಖರ್ಚು ಕಡಿಮೆ ಬೀಳುತ್ತದೆ ಎಂಬುದು ಇದರ ಹಿಂದಿನ ಲೆಕ್ಕ ಇರಬಹುದು. 200 ಕಿಲೋವ್ಯಾಟ್ ಹಾಕುವ ಶ್ರೀಮಂತ ಕಾಂಪ್ಲೆಕ್ಸಿಗೆ ಅದು ಸರಿ. ನಮ್ಮಂಥ 15 ಕಿಲೋವ್ಯಾಟ್ ಸೊಸೈಟಿಗೆ, ಮೇಂಟೆನೆನ್ಸ್ ಬಾಕಿ ವಸೂಲಿ ಮಾಡಲೇ ಒದ್ದಾಡುವ ಸೊಸೈಟಿಗೆ, ಅದು ಸರಿಯಲ್ಲ. ಸಣ್ಣ ಸೊಸೈಟಿಗಳಿಗೆ ಸ್ವಂತ ಮನೆಯವರ ದರವನ್ನೇ ಕೊಡಿ.

ಹವಾಮಾನದ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. 2019ರಿಂದ 2024ರವರೆಗೆ ನೀವು ಕಲ್ಲಿದ್ದಲು ಸಚಿವರಾಗಿದ್ದವರು. ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಎಷ್ಟು ಗಣಿ, ಎಷ್ಟು ರೈಲು, ಎಷ್ಟು ಬೂದಿ ಇದೆ ಎಂದು ನಿಮ್ಮಷ್ಟು ಹತ್ತಿರದಿಂದ ನೋಡಿದವರು ಕಡಿಮೆ. 2022ರ ಏಪ್ರಿಲ್‌ನಲ್ಲಿ ಸೆಕೆ ಏರಿ ವಿದ್ಯುತ್ ಬೇಡಿಕೆ ಏರಿದಾಗ, ಕಲ್ಲಿದ್ದಲು ಸಾಗಿಸುವ ಗೂಡ್ಸ್ ರೈಲುಗಳಿಗೆ ದಾರಿ ಬಿಡಲು ಪ್ರಯಾಣಿಕರ ರೈಲುಗಳನ್ನೇ ರದ್ದು ಮಾಡಬೇಕಾಯಿತು. ಸೆಕೆ ಹೆಚ್ಚಾದಷ್ಟೂ ಫ್ಯಾನು, ಏಸಿ ಹೆಚ್ಚು ಓಡುತ್ತವೆ, ಅದಕ್ಕಾಗಿ ಇನ್ನಷ್ಟು ಕಲ್ಲಿದ್ದಲು ಸುಡುತ್ತೇವೆ, ಅದರಿಂದ ಸೆಕೆ ಮತ್ತೆ ಹೆಚ್ಚುತ್ತದೆ. ನಮ್ಮ ಗ್ರಿಡ್ಡಿನ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಮೂರು ಕಿಲೋವ್ಯಾಟ್‌ನ ಒಂದು ಸೋಲಾರ್ ವರ್ಷಕ್ಕೆ ಎರಡೂವರೆ ಟನ್ನಿನಷ್ಟನ್ನು ತಡೆಯುತ್ತದೆ.

ಈ ಊರು ಆ ಬೆಲೆಯನ್ನು ಆಗಲೇ ಕಟ್ಟುತ್ತಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. 2021ರ ಮೇ 17ರಂದು ತೌಕ್ತೆ ಚಂಡಮಾರುತ ಪಕ್ಕದಲ್ಲಿ ಹಾದು ಹೋದಾಗ ಕೊಲಾಬಾದಲ್ಲಿ ಗಾಳಿ ಗಂಟೆಗೆ 114 ಕಿಲೋಮೀಟರ್ ವೇಗದಲ್ಲಿ ಬೀಸಿತು. ಯಾವುದೋ ಒಂದು ಮಳೆಗೆ ಹವಾಮಾನ ಬದಲಾವಣೆಯೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ, ಬಲವಾದ ಚಂಡಮಾರುತಗಳು ಅಲ್ಲಿ ಹೆಚ್ಚುತ್ತಿವೆ ಎಂದು ನಮ್ಮ ವಿಜ್ಞಾನಿಗಳೇ ಹೇಳುತ್ತಿದ್ದಾರೆ. ಮುಂಬೈ ಪಾಲಿಕೆ 2022ರ ಮಾರ್ಚ್‌ನಲ್ಲಿ ತನ್ನ ಹವಾಮಾನ ಯೋಜನೆ ಪ್ರಕಟಿಸಿ 2050ರೊಳಗೆ ನೆಟ್ ಝೀರೋ ಆಗುವ, ಅಂದರೆ ಗಾಳಿಗೆ ಸೇರಿಸುವಷ್ಟು ಇಂಗಾಲವನ್ನು ಹಿಂದಕ್ಕೆ ಹೀರಿಸಿ ಸರಿದೂಗಿಸುವ, ಗುರಿ ಇಟ್ಟುಕೊಂಡಿದೆ. ಫ್ಲ್ಯಾಟಿನವರನ್ನು, ಚಾಳಿನವರನ್ನು ಹೊರಗಿಟ್ಟು ಆ ಗುರಿ ಮುಟ್ಟುವುದು ಹೇಗೆ?

ತೌಕ್ತೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಕರಾವಳಿಯ ಉಪ್ಪು ಗಾಳಿಗೆ ಅಗ್ಗದ ಕಬ್ಬಿಣದ ಸ್ಟ್ಯಾಂಡ್ ಕೆಲವೇ ವರ್ಷದಲ್ಲಿ ತುಕ್ಕು ಹಿಡಿಯುತ್ತದೆ. ಅಂಥ ಸ್ಟ್ಯಾಂಡಿನ ಪ್ಯಾನೆಲ್ ಹಾರಿ ರಸ್ತೆಯವರ ತಲೆ ಮೇಲೆ ಬಿದ್ದರೆ ಮತ್ತೆ ಯಾವ ಸೊಸೈಟಿಯೂ ಸೋಲಾರ್ ಹೆಸರೆತ್ತುವುದಿಲ್ಲ. ಕರಾವಳಿ ಊರುಗಳಲ್ಲಿ ಸ್ಟ್ಯಾಂಡಿನ ಗುಣಮಟ್ಟವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿಯೇ ಸಬ್ಸಿಡಿ ಬಿಡುಗಡೆ ಮಾಡಿ. ಹಾಗೆಯೇ, ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನಿನಲ್ಲಿ ಕೆಲಸ ಮಾಡುವವರ ಜೀವ ಉಳಿಸಲು ಅದು ಬೇಕೇ ಬೇಕು. ಆದರೆ ಮಾರಲು ಬರುವವರು ಈ ಮಾತು ಹೇಳುವುದಿಲ್ಲ, ಜನ ಆಮೇಲೆ ಮೋಸ ಹೋದೆವು ಅಂದುಕೊಳ್ಳುತ್ತಾರೆ. ಇದನ್ನು ಮೊದಲೇ ಬರೆದು ಕೊಡುವುದು ಕಡ್ಡಾಯವಾಗಲಿ.

ವಿದ್ಯುತ್ ವಿತರಣೆ ರಾಜ್ಯದ್ದು, ನಿಯಮ ಮಾಡುವುದು ರಾಜ್ಯದ ಆಯೋಗ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ನಿಜ. ಆದರೆ 2024ರ ಫೆಬ್ರವರಿಯಲ್ಲಿ ಕೇಂದ್ರವೇ ಗ್ರಾಹಕರ ಹಕ್ಕಿನ ನಿಯಮ ತಿದ್ದಿ, 10 ಕಿಲೋವ್ಯಾಟ್‌ವರೆಗಿನ ತಾರಸಿ ಸೋಲಾರ್‌ಗೆ ತಾಂತ್ರಿಕ ಪರಿಶೀಲನೆ ಬೇಡ ಎಂದಿತು, ದೊಡ್ಡವುಗಳ ಪರಿಶೀಲನೆಗೆ 15 ದಿನದ ಗಡುವು ಹಾಕಿತು. ಮನಸ್ಸು ಮಾಡಿದರೆ ದಾರಿ ಇದೆ ಅಲ್ವಾ? ಪಾಲಿನ ಸೋಲಾರ್‌ಗೂ ಅಂಥದೇ ಗಡುವು ಬರಲಿ. ಹಿಂದೆ 2022ರೊಳಗೆ ತಾರಸಿಗಳ ಮೇಲೆ 40 ಗಿಗಾವ್ಯಾಟ್ ಹಾಕುವ ಗುರಿ ಇತ್ತು, ಅದರ ಹತ್ತಿರಕ್ಕೂ ಹೋಗಲಾಗಲಿಲ್ಲ. ಈಗಿನ ಒಂದು ಕೋಟಿ ಮನೆಗಳ ಗುರಿಗೂ ಹಾಗಾಗುವುದು ಬೇಡ.

ನಮ್ಮ ನಾಡಿನಲ್ಲೇ ಇದಕ್ಕೊಂದು ಪಾಠ ಇದೆ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೋ ಸಂಸ್ಥೆ ಬಡವರಿಗೆ ಸೋಲಾರ್ ದೀಪ ಕೊಟ್ಟಾಗ, ಗ್ರಾಮೀಣ ಬ್ಯಾಂಕುಗಳ ಜೊತೆ ಕೂತು ಆ ಜನರ ದುಡಿಮೆಗೆ ಹೊಂದುವಂತೆ ಸಾಲದ ಕಂತು ಮಾಡಿಸಿತು. ಅದರ ಸಹಸ್ಥಾಪಕ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದಿನಗೂಲಿಯವರಿಗೂ ಹೊಂದುವ ಹಾಗೆ ಸೋಲಾರ್ ಕೊಡಲು ಆಗುತ್ತದೆ ಎಂದು ಅವರು ತೋರಿಸಿದರು. ಮುಂಬೈಯ ಬಾಡಿಗೆದಾರರಿಗೂ ಅಂಥ ಯೋಚನೆ ಬೇಕಾಗಿದೆ.

ನನ್ನ ಕೋರಿಕೆ ಇಷ್ಟು. ಮುಂದಿನ ಸಲ ರಾಜ್ಯಗಳ ಇಂಧನ ಸಚಿವರ ಸಭೆಯಲ್ಲಿ ಕೂತಾಗ, ಬಾಡಿಗೆದಾರರಿಗೂ ಫ್ಲ್ಯಾಟಿನವರಿಗೂ ಸೋಲಾರ್ ಪಾಲು ಕೊಡುವುದು ನಿಮ್ಮಲ್ಲಿ ಯಾವ ತಾರೀಕಿಗೆ ಶುರುವಾಗುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳಿ. ಅವರು ಕೊಟ್ಟ ಉತ್ತರವನ್ನು ಸೂರ್ಯ ಘರ್ ಪೋರ್ಟಲ್‌ನಲ್ಲಿ ಹಾಕಿಸಿ. ಮಹಾರಾಷ್ಟ್ರದ ತಾರೀಕು ಬಂದರೆ ನಮ್ಮ ಕಟ್ಟಡದ ಬಾಡಿಗೆ ಮನೆಗಳಿಗೆಲ್ಲ ನಾನೇ ಹೋಗಿ ತಿಳಿಸುತ್ತೇನೆ, ಅರ್ಜಿ ತುಂಬಿಸಿಕೊಡುತ್ತೇನೆ.

ಇಂತಿ ನಮಸ್ಕಾರಗಳು,

ಡೊಂಬಿವಲಿಯ ಒಂದು ವಸತಿ ಸೊಸೈಟಿಯ ಕಮಿಟಿ ಸದಸ್ಯೆ