ಶೂಟ್‌ನ ಕಪ್ಪು ಗೌನ್: ಹೊಲಿಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಪತ್ರಿಕೆಯ ಫೋಟೋ ಶೂಟ್‌ಗೆ ಚಿತ್ರಕಲಾವಿದ ಜಾನ್ ಸಿಂಗರ್ ಸಾರ್ಜೆಂಟ್ ಅವರ ‘ಮೇಡಂ ಎಕ್ಸ್’ ಚಿತ್ರವೇ ಆಧಾರ, ಕಪ್ಪು ಗೌನ್ ತೊಟ್ಟ ಮಹಿಳೆಯ ಭಾವಚಿತ್ರ. 1884ರ ಪ್ಯಾರಿಸ್ ಸಲೋನ್ ಎಂಬ ಕಲಾ ಪ್ರದರ್ಶನದಲ್ಲಿ ಗಲಾಟೆ ಎಬ್ಬಿಸಿದ್ದು ಭುಜದಿಂದ ಜಾರಿದ ಗೌನಿನ ಒಂದು ಪಟ್ಟಿ. ಆಮೇಲೆ ಅವರೇ ಅದನ್ನು ಭುಜದ ಮೇಲಿರುವಂತೆ ತಿದ್ದಿ ಬರೆದರು. ನಮಗೆ ಬೇಕಿರುವುದು ಜಾರಿದ ಪಟ್ಟಿಯೇ.

ಹಾಗಾಗಿ ಪಟ್ಟಿಗಳ ಮೇಲೆ ಚೂರೂ ಭಾರ ಬೀಳಕೂಡದು, ಗೌನ್ ಸೊಂಟದಿಂದ ನಿಲ್ಲಬೇಕು. ಒಳಗೆ ಎರಡು ಪದರ ದಪ್ಪ ಕಾಟನ್‌ನ ಕಾರ್ಸೆಟ್ (ಮೈಗೆ ಬಿಗಿಯಾಗಿ ಕೂರುವ ಒಳಕವಚ), ಅದಕ್ಕೆ ಕನಿಷ್ಠ 10 ಸ್ಪೈರಲ್ ಸ್ಟೀಲ್ ಬೋನ್ (ಬಾಗುವ ಉಕ್ಕಿನ ಪಟ್ಟಿ), ಸೊಂಟಕ್ಕೆ 2.5 ಸೆಂ.ಮೀ. ಅಗಲದ ಗ್ರೋಗ್ರೇನ್ (ಗೀರುಗೀರಾದ ಗಟ್ಟಿ) ರಿಬ್ಬನ್ ಬೆಲ್ಟ್, ಹಿಂದೆ ಹುಕ್. ಬೆಲ್ಟ್ ಸಡಿಲವಾದರೆ ಮಾಡೆಲ್ ಕೈ ಎತ್ತಿ ಇಳಿಸುವಷ್ಟರಲ್ಲಿ ಬಾಡಿಸ್ (ಗೌನಿನ ಮೇಲ್ಭಾಗ) ಜಾರುತ್ತದೆ. ಬಟ್ಟೆಯನ್ನು ಮೈಗೆ ಅಂಟಿಸುವ ಫ್ಯಾಷನ್ ಟೇಪನ್ನು ನಂಬಬೇಡಿ, ಬೆವರಿಗೆ ಬಿಟ್ಟುಕೊಳ್ಳುತ್ತದೆ. ಬೋನ್ ತುದಿ ಹೊಲಿಗೆಗಿಂತ 6 ಮಿ.ಮೀ. ಹಿಂದೆಯೇ ನಿಲ್ಲಲಿ, ಇಲ್ಲದಿದ್ದರೆ ಬಟ್ಟೆ ತೂತು.

ಆಳದ ಕತ್ತಿನ ಅಂಚು ಓರೆ ಕತ್ತರಿಕೆ. ಎಳೆದರೆ ಹಿಗ್ಗಿ ಬಾಯಿ ಬಿಡುತ್ತದೆ. ಕತ್ತರಿಸಿದ ಕೂಡಲೇ ಹಿಗ್ಗದಂತೆ ಹಿಡಿಯುವ ಸ್ಟೇ ಟೇಪ್ ಹಾಕಿ, ಪ್ರತಿ ಬದಿಗೆ ಅಂಚಿಗಿಂತ 5 ಮಿ.ಮೀ. ಗಿಡ್ಡ ಇರಲಿ.

ಬಾಡಿಸ್‌ಗೆ ವೆಲ್ವೆಟ್, ಸ್ಕರ್ಟ್‌ಗೆ ಸ್ಯಾಟಿನ್. ವೆಲ್ವೆಟ್‌ನ ಎಲ್ಲ ತುಂಡುಗಳ ಜುಂಗು (ಮೇಲ್ಮೈಯ ನವಿರು ಎಳೆ) ಮೇಲ್ಮುಖವಾಗಿರಲಿ, ಕಪ್ಪು ಗಾಢವಾಗಿ ಕಾಣುತ್ತದೆ. ಒಂದೇ ತುಂಡು ತಿರುಗಿದರೂ ಕ್ಯಾಮೆರಾ ಬಣ್ಣಭೇದ ಹಿಡಿಯುತ್ತದೆ. ಸ್ಯಾಟಿನ್‌ಗೆ 70 ನಂಬರಿನ ಹೊಸ ಸೂಜಿ. ಪಿನ್ ಚುಚ್ಚುವುದು ಹೊಲಿಗೆಯ ಅಂಚಿನೊಳಗೆ ಮಾತ್ರ, ಸ್ಯಾಟಿನ್‌ಗೆ ಬಿದ್ದ ತೂತು ಮುಚ್ಚಿಕೊಳ್ಳುವುದಿಲ್ಲ. ತಿದ್ದುಪಡಿ ಏನಿದ್ದರೂ ಮಸ್ಲಿನ್ ಬಟ್ಟೆಯಲ್ಲಿ ಮೊದಲು ಹೊಲಿದ ಟ್ರಯಲ್ ಗೌನ್‌ನಲ್ಲೇ ಮುಗಿಸಿ, ಮಾಡೆಲ್ ಕೂತು, ಬಾಗಿ ನೋಡಿದ ಮೇಲೆ.

ಫೋಟೋಗ್ರಾಫರ್‌ಗೂ ಒಂದು ಮಾತು: ಪಕ್ಕದ ಬೆಳಕಿಲ್ಲದಿದ್ದರೆ ಇಷ್ಟೆಲ್ಲ ಕೆಲಸವೂ ಬರೀ ಕಪ್ಪು ಮಚ್ಚೆ.