ಯಾವ ಬಸ್ಸಿಗೆ ಬಂದ್ರಿ?

ಪ್ರೀತಿಯ ಗೆಳೆಯಾ,

ನಮ್ಮ ಡಾಕ್ಟ್ರು ಹೋಗಿಬಿಟ್ಟರು ಅಂತ ಫೋನಿನಲ್ಲಿ ಹೇಳಿದಾಗ ನೀನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನನಗೂ ಜಾಸ್ತಿ ಹೇಳಲು ಆಗಲಿಲ್ಲ. ಮಳೆಗೆ ನೆಟ್‌ವರ್ಕ್ ಬೇರೆ ಹೋಗಿ ಬಂದು ಮಾಡುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಅವರ ಕೈಯಿಂದ ಮದ್ದು ತಗೊಂಡವರು ಈಗ ಎಲ್ಲೆಲ್ಲೋ ಇದ್ದಾರೆ, ಅವರೂ ಓದಲಿ.

ಅವರ ಅಂತ್ಯಕ್ರಿಯೆಯ ದಿನದ ಮಳೆಗೆ ಛತ್ರಿ ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಆದರೂ ಜನ ಬಂದರು. ತೋಟದ ಯಜಮಾನರು, ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರು, ಆದಿವಾಸಿ ಹಾಡಿಯವರು, ಅಸ್ಸಾಮಿನಿಂದ ಕೆಲಸಕ್ಕೆ ಬಂದ ಹುಡುಗರು. ಪೇಟೆಯಲ್ಲಿ ಯಾರೋ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು, 'ನಡೆದಾಡುವ ದೇವರು' ಅಂತ. ನನಗೆ ನಗುವೂ ಬಂತು, ಸಿಟ್ಟೂ ಬಂತು. ಅವರ ಮುಂಗೋಪ ನಿನಗೆ ಗೊತ್ತಲ್ಲ. ಬೀಡಿ ಬಿಡು ಅಂತ ಊರಿಗೆಲ್ಲ ಬೈದು, ಹಿಂದಿನ ಬಾಗಿಲಲ್ಲಿ ನಿಂತು ತಾವು ಸಿಗರೇಟು ಹಚ್ಚುತ್ತಿದ್ದ ಮನುಷ್ಯ. ಆ ಫ್ಲೆಕ್ಸ್ ನೋಡಿದ್ದರೆ ಕಟ್ಟಿದವರ ಕೈಯಲ್ಲೇ ಬಿಚ್ಚಿಸುತ್ತಿದ್ದರು.

ನೆನಪಿದೆಯಾ, ಒಳಗೆ ಹೋಗಿ ಸ್ಟೂಲ್ ಮೇಲೆ ಕೂತ ಕೂಡಲೇ ಅವರು 'ಎಂತ ಆಯ್ತು?' ಅಂತ ಕೇಳುತ್ತಿರಲಿಲ್ಲ. 'ಯಾವ ಬಸ್ಸಿಗೆ ಬಂದ್ರಿ?' ಅನ್ನುತ್ತಿದ್ದರು. ನಾನು ತುಂಬಾ ವರ್ಷ ಅದನ್ನು ಸುಮ್ನೆ ಲೋಕಾಭಿರಾಮದ ಮಾತು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು. ಕಾಂಪೌಂಡರ್ ಬರೆಯುವ ಲಾಂಗ್ ಬುಕ್ಕಿನಲ್ಲಿ ಹೆಸರು, ವಯಸ್ಸು ಆದಮೇಲೆ ಮೂರನೇ ಗೆರೆಯಲ್ಲಿ ಬಸ್ಸು. ನಾಲ್ಕೂವರೆಗೆ ಕೊನೇ ಬಸ್ಸು ಇರುವವರು ಮೊದಲು ಒಳಗೆ. ಪೇಟೆಯವರು ಆಮೇಲೆ. ಜೀಪು, ಕಾರು ಇದ್ದವರು ಎಲ್ಲಕ್ಕಿಂತ ಕೊನೆಗೆ, ಎಷ್ಟೇ ಎಕರೆ ಇರಲಿ. ಮದ್ದು ಬರೆಯುವಾಗಲೂ ಅದೇ ಲೆಕ್ಕ. ತೋಟದ ಕೆಲಸದವರಿಗೆ 'ನಾಳೆ ಬಾ' ಅಂದರೆ ನಾಳೆಯ ಕೂಲಿ ಹೋಯಿತು ಅಂತ ಅರ್ಥ. ಹಾಗಾಗಿ ಆ ಮಾತು ಅವರ ಬಾಯಲ್ಲಿ ಬರುವುದೇ ಕಡಿಮೆ. ಬಂದರೆ ಮಾತ್ರ ನಾವು ಹೆದರಬೇಕಿತ್ತು.

ಫೀಸು ಬಿಟ್ಟವರೇನಲ್ಲ. ಪುಕ್ಕಟೆ ಕೊಟ್ಟ ಮಾತ್ರೆಯನ್ನು ಯಾರೂ ನುಂಗುವುದಿಲ್ಲ ಅಂತ ಅವರ ವಾದ. ಆದರೆ ಕೈಯಲ್ಲಿ ಇಲ್ಲದವರ ಲೆಕ್ಕ ಬುಕ್ಕಿನಲ್ಲಿ ಉಳಿಯುತ್ತಿತ್ತು, ಬಟವಾಡೆ ದಿನದವರೆಗೆ. ಎಷ್ಟೋ ಬಾಕಿ ಹಾಗೇ ಹಳತಾದವು. ಒಮ್ಮೆ ಒಬ್ಬನಿಗೆ ಟಿಬಿ ಅಂತ ಗೊತ್ತಾಯಿತು. ಸರ್ಕಾರದ ಮಾತ್ರೆ, ದುಡ್ಡೇನೂ ಇಲ್ಲ, ಆದರೆ 6 ತಿಂಗಳು ಬಿಡದೆ ನುಂಗಬೇಕು. ತೋಟದಲ್ಲಿ ಅವನನ್ನು ಲೈನ್ ಮನೆಯಿಂದ ಬಿಡಿಸುವ ಮಾತು ನಡೆದಿತ್ತು. ಡಾಕ್ಟ್ರು ತೋಟದ ಲೆಕ್ಕ ನೋಡುವ ರೈಟರನ್ನು ಕರೆಸಿ ಒಂದೇ ಮಾತು ಹೇಳಿದರು: 'ಅವನು ಜಾಗ ಬಿಟ್ಟರೆ ಮಾತ್ರೆ ಬಿಡ್ತಾನೆ. ಮಾತ್ರೆ ಬಿಟ್ಟರೆ ಕೆಮ್ಮು ಮುಂದಿನ ಲೈನಿಗೆ ಹೋಗ್ತದೆ.' ಅವನು ಅಲ್ಲೇ ಉಳಿದ.

ಇನ್ನು ನಿನ್ನಪ್ಪನ ರಾತ್ರಿ. 1994ರ ಜುಲೈ. ನಾವು ಹತ್ತನೇ ಕ್ಲಾಸು. ಕಾಫಿ ಗಿಡದ ಚಿಗುರು ತೆಗೆಯುವಾಗ ಕೈಗೆ ಹಸಿರು ಹಾವು ಕಚ್ಚಿತ್ತು. ಎಲೆ ಯಾವುದು ಹಾವು ಯಾವುದು ಗೊತ್ತಾಗಲಿಲ್ಲ ಅಂತ ಜೀಪಿನಲ್ಲಿ ದಾರಿ ಪೂರ್ತಿ ಅದನ್ನೇ ಹೇಳುತ್ತಿದ್ದರು. ನಿಮ್ಮ ಮಾವ ತೋಳಿಗೆ ಬೈರಾಸು ಬಿಗಿದು ಕಟ್ಟಿದ್ದರು. ಡಾಕ್ಟ್ರು ಮೊದಲು ಮಾವನಿಗೆ ಬೈದರು. ಆಮೇಲೆ ಬೈರಾಸನ್ನು ನಿಧಾನವಾಗಿ, ಒಂದಿಷ್ಟು ಒಂದಿಷ್ಟೇ ಸಡಿಲ ಮಾಡಿದರು. ಬೆರಳಿನ ಉಂಗುರಕ್ಕೆ ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದರು. ಕೈ ಊದಿಕೊಂಡರೆ ಉಂಗುರವೇ ಬೆರಳನ್ನು ತಿಂದುಬಿಡುತ್ತದೆ ಅಂದರು.

ನೀನು ಅಳುತ್ತಾ 'ಇಂಜೆಕ್ಷನ್ ಕೊಡಿ' ಅಂತ ಕೂಗಿದೆ. ನಾನೂ ಕೂಗಿದೆ. ಅವರು ಕೊಡಲಿಲ್ಲ. ಆ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಅಪ್ಪನಿಗೆ ಕಚ್ಚಿದ ಹಸಿರು ಗುಳಿಮಂಡಲಕ್ಕೆ ಅಲ್ಲ, ಸುಮ್ನೆ ಚುಚ್ಚಿದರೆ ಅದರಿಂದಲೇ ಅಪಾಯ ಆಗಬಹುದು ಅಂತ ಹೇಳಿದರು. ನಮಗೆ ಅರ್ಥವಾಗಬೇಕಲ್ಲ? ನಾಲ್ಕು ಹಾವು, ಐದನೆಯದು ಅಂತ ಲೆಕ್ಕ ಹಾಕುವ ಹೊತ್ತಾ ಅದು?

ಆಮೇಲೆ ಅವರು ಒಂದು ಗಾಜಿನ ಕೊಳವೆಗೆ ಸ್ವಲ್ಪ ರಕ್ತ ತೆಗೆದು ಮೇಜಿನ ಮೇಲೆ ನಿಲ್ಲಿಸಿದರು. ಗಾಜಿನದ್ದೇ ಆಗಬೇಕು, ಪ್ಲಾಸ್ಟಿಕ್ ಆಗುವುದಿಲ್ಲ. 20 ನಿಮಿಷ ಯಾರೂ ಮುಟ್ಟಬಾರದು, ಮೇಜನ್ನೂ ಅಲ್ಲಾಡಿಸಬಾರದು. ವಿಷ ರಕ್ತವನ್ನು ಕೆಡಿಸಿದ್ದರೆ ಅದು ಹೆಪ್ಪುಗಟ್ಟುವುದಿಲ್ಲ, ಅದನ್ನು ನೋಡುವುದಕ್ಕೆ. ಕರೆಂಟ್ ಇಲ್ಲ. ಒಂದು ಲಾಟೀನು, ಹೆಂಚಿನ ಮೇಲೆ ಮಳೆ. ಮಡಿಕೇರಿ ರಸ್ತೆಗೆ ಮರ ಬಿದ್ದಿದೆ ಅಂತ ಸುದ್ದಿ ಬಂದಿತ್ತು. ರಕ್ತ ನೀರಾಗೇ ಉಳಿದರೆ ಮರ ಕಡಿದಾದರೂ ದೊಡ್ಡಾಸ್ಪತ್ರೆಗೆ ಹೋಗಲೇಬೇಕು ಅಂತ ಇಬ್ಬರಿಗೆ ಕತ್ತಿ ಕೊಡಲಿ ಹಿಡಿಸಿ ಜೀಪಿನಲ್ಲಿ ಕೂರಿಸಿಯೂ ಆಗಿತ್ತು. ನಾನು ಜೀವಮಾನದಲ್ಲಿ ಅಷ್ಟು ಹೊತ್ತು ಒಂದು ವಸ್ತುವನ್ನೇ ನೋಡಿದ್ದಿಲ್ಲ. ಕೊನೆಗೆ ಅವರು ಕೊಳವೆ ಎತ್ತಿ ಒಮ್ಮೆ ಬಗ್ಗಿಸಿದರು. ರಕ್ತ ಜಾರಲಿಲ್ಲ. ಮುದ್ದೆಯಾಗಿ ತಳದಲ್ಲೇ ಕೂತಿತ್ತು. 'ಹೆಪ್ಪುಗಟ್ಟಿದೆ' ಅಂದರು, ಮೊಸರು ಆಗಿದೆ ಅಂದಷ್ಟು ಸಲೀಸಾಗಿ.

ಆದರೂ ನಾವಿಬ್ಬರೂ ಶಾಲೆಯಲ್ಲಿ ಅವರನ್ನು 'ಇಂಜೆಕ್ಷನ್ ಕೊಡದ ಡಾಕ್ಟ್ರು' ಅಂತ ಆಡಿಕೊಂಡೆವು. ಆ ನಾಚಿಕೆ ನನಗೆ ಇನ್ನೂ ಹೋಗಿಲ್ಲ.

ಒಂದು ತಮಾಷೆಯದ್ದೂ ಬರೆಯುತ್ತೇನೆ. ಆಗಸ್ಟ್ 3ಕ್ಕೆ, ನಮ್ಮ ಕೊಡಗಿನ ಕಕ್ಕಡ ತಿಂಗಳ 18ನೇ ದಿನ, ಎಲ್ಲರ ಮನೆಯಲ್ಲೂ ಮದ್ದುಸೊಪ್ಪಿನ ಪಾಯಸ ಇರುತ್ತದಲ್ಲ. ಕೆಲವು ವರ್ಷದ ಹಿಂದೆ ಅಸ್ಸಾಮಿನ ಹುಡುಗನೊಬ್ಬ ಯಜಮಾನರ ಮನೆಯಲ್ಲಿ ಎರಡು ಬಟ್ಟಲು ತಿಂದಿದ್ದಾನೆ. ಮರುದಿನ ಬೆಳಿಗ್ಗೆ ಮೂತ್ರ ಕೆಂಪು! ಸಾಯುತ್ತೇನೆ ಅಂತ ಓಡಿ ಬಂದಿದ್ದ. ಮದ್ದುಸೊಪ್ಪು ತಿಂದರೆ ಹಾಗೇ ಆಗುವುದು ಅಂತ ಡಾಕ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಕಳಿಸಿಬಿಡಲಿಲ್ಲ ನೋಡು. ಮೂತ್ರ ಪರೀಕ್ಷೆಯನ್ನೂ ಮಾಡಿಸಿದರು. ಪಾಯಸ ತಿಂದವನಿಗೆ ಕಾಯಿಲೆ ಬರಬಾರದು ಅಂತ ರೂಲ್ ಇಲ್ಲ ಅಂದರು.

2018ರ ಆಗಸ್ಟ್ ನೀನು ಟಿವಿಯಲ್ಲಿ ನೋಡಿದ್ದು. ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳು ಜರಿದು, ಮನೆ ಇದ್ದ ಜಾಗದಲ್ಲಿ ಕೆಂಪು ಮಣ್ಣು. ಪರಿಹಾರ ಕೇಂದ್ರದಲ್ಲಿ ಉಟ್ಟ ಬಟ್ಟೆಯಲ್ಲೇ ಬಂದವರು. ಬಿಪಿ, ಶುಗರ್ ಮಾತ್ರೆಗಳೂ ಚೀಟಿಗಳೂ ಮಣ್ಣಿನ ಕೆಳಗೆ. ಡಾಕ್ಟ್ರು ಹಳೇ ಲಾಂಗ್ ಬುಕ್ಕುಗಳನ್ನು ಗೋಣಿಚೀಲಕ್ಕೆ ತುಂಬಿ ನನ್ನ ಕೈಯಲ್ಲಿ ಹೊರಿಸಿಕೊಂಡು ಅಲ್ಲಿಗೆ ಹೋದರು. ಒಬ್ಬೊಬ್ಬರ ಹೆಸರು ಹುಡುಕಿ ಯಾರಿಗೆ ಯಾವ ಮಾತ್ರೆ ಅಂತ ಓದಿ ಹೇಳಿದರು, ನಾನು ಬರೆದುಕೊಂಡೆ. ಮಧ್ಯಾಹ್ನ ಒಬ್ಬ ಅಜ್ಜಿ ಬಂದು ಕೂತರು. ಅಭ್ಯಾಸಬಲ, ಇವರು ತಲೆ ಎತ್ತದೆ ಕೇಳಿಬಿಟ್ಟರು, 'ಯಾವ ಬಸ್ಸಿಗೆ ಬಂದ್ರಿ?'

'ಬಸ್ಸು ಎಲ್ಲಿದೆ ಡಾಕ್ಟ್ರೇ? ರಸ್ತೆಯೇ ಇಲ್ಲ' ಅಂದರು ಅಜ್ಜಿ.

ಇವರು ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ ಕೂತರು, ತುಂಬಾ ಹೊತ್ತು. ಅಜ್ಜಿಯೇ ಆಮೇಲೆ 'ನನ್ನದು ಬಿಳಿ ಮಾತ್ರೆ, ಅರ್ಧ' ಅಂತ ನೆನಪಿಸಿದರು.

ಮೊನ್ನೆ ಕ್ಲಿನಿಕ್ಕಿನ ಸಾಮಾನು ಜೋಡಿಸಲು ಕಾಂಪೌಂಡರ್ ಅಣ್ಣ ಕರೆದಿದ್ದರು. ಅವರಿಗೂ ವಯಸ್ಸಾಯಿತು, ಕೈ ನಡುಗುತ್ತದೆ. 1994ರ ಬುಕ್ಕು ಸಿಕ್ಕಿತು. ಅಂಚು ಗೆದ್ದಲು ತಿಂದಿದೆ, ನಿನ್ನಪ್ಪನ ಸಾಲು ಉಳಿದಿದೆ. ಬಸ್ಸಿನ ಗೆರೆಯಲ್ಲಿ 'ಜೀಪು, ಹುಡುಗರಿಬ್ಬರು' ಅಂತಿದೆ. ಅದರ ಕೆಳಗೆ ಡಾಕ್ಟ್ರ ಕೈಬರಹ: 'ಹಸಿರು ಹಾವು. 9:40 ಹೆಪ್ಪು.' ನಾನು ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ ಕಣೋ. ಕೆಳಗೆ ಇನ್ನೂ ಇದೆ. 11ಕ್ಕೆ ಹೆಪ್ಪು. 1ಕ್ಕೆ ಹೆಪ್ಪು. 3:30ಕ್ಕೆ ಹೆಪ್ಪು. 6ಕ್ಕೆ ಹೆಪ್ಪು, ಕಾಫಿ ಕುಡಿದರು. ಒಂದೊಂದಕ್ಕೂ 20 ನಿಮಿಷ ಆ ಲಾಟೀನಿನ ಮುಂದೆ ಕೂತಿದ್ದಾರೆ. ನಾನೂ ನೀನೂ ಬೆಂಚಿನ ಮೇಲೆ ಒಬ್ಬರಿಗೊಬ್ಬರು ಒರಗಿ ಗೊರಕೆ ಹೊಡೆಯುತ್ತಿದ್ದೆವು.

ಕೊನೆಯ ಗೆರೆಯಲ್ಲಿ 'ಬಾಕಿ 35 ರೂ.' ಅಂತ ಇದೆ. ಹೊಡೆದು ಹಾಕಿಲ್ಲ.

ಪುಟದ ಫೋಟೊ ಕಳಿಸಿದ್ದೇನೆ, ಅಪ್ಪನಿಗೆ ತೋರಿಸು. ಅವತ್ತೇ ಕೊಟ್ಟಿದ್ದೆ ಅಂತ ಖಂಡಿತ ಜಗಳಕ್ಕೆ ನಿಲ್ಲುತ್ತಾರೆ. ಆಗ ಫೋನ್ ನನಗೆ ಕೊಡಿಸು.

ನಿನ್ನ,
ಜೀಪಿನಲ್ಲಿದ್ದ ಇನ್ನೊಬ್ಬ ಹುಡುಗ